ಖಂಡಿತ, ಬಹುಶಃ, ಅಂತೆ: ಇಂಗ್ಲಿಷಿನಲ್ಲಿ ನಾವು ಕೈಬಿಡುವ ಸಣ್ಣ ಪದಗಳು

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)





ಕಾರ್ಯದರ್ಶಿಗಳು ಫೋನ್ ಮಾಡಿ, “ಮಕ್ಕಳಿಗೆ ಇಂಗ್ಲಿಷ್ ಬಗ್ಗೆ ನಾಲ್ಕು ಮಾತು ಹೇಳಿ ಸಾರ್, ಸ್ವಲ್ಪ ಧೈರ್ಯ ಬರುವ ಹಾಗೆ” ಎಂದರು. ಇಂಗ್ಲಿಷ್ ಕಲಿತರೆ ಕೆಲಸ ಸಿಗುತ್ತದೆ ಎಂಬ ಭಾಷಣವನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಅದನ್ನೇ ನಾನೂ ಹೇಳಿದರೆ ಹಿಂದಿನ ಸಾಲಿನವರು ಈಗಲೇ ಊಟದ ಕಡೆ ಹೊರಡುತ್ತಾರೆ. ಬಿರಿಯಾನಿಯ ವಾಸನೆ ನನಗೂ ಬರುತ್ತಿದೆ. ಆದ್ದರಿಂದ ಒಂದೇ ಒಂದು ಸಣ್ಣ ವಿಷಯ ಹಿಡಿದುಕೊಂಡು ಬಂದಿದ್ದೇನೆ.

ಮೂವತ್ತಕ್ಕೂ ಹೆಚ್ಚು ವರ್ಷ ಇಂಗ್ಲಿಷ್ ಪಾಠ ಮಾಡಿದ ಮೇಲೆ ನನಗೆ ಕಂಡದ್ದು ಇಷ್ಟು. ನಮ್ಮ ಮಕ್ಕಳು ಟೆನ್ಸ್ ಕಲಿಯುತ್ತಾರೆ. ಆ್ಯಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸಿಗೆ ಬದಲಾಯಿಸುತ್ತಾರೆ, ಪ್ರಬಂಧ ಬಾಯಿಪಾಠ ಮಾಡುತ್ತಾರೆ. ಆದರೆ ತಮಗೆ ಒಂದು ಸಂಗತಿ ಎಷ್ಟು ಖಚಿತವಾಗಿ ಗೊತ್ತು, ಎಷ್ಟು ಅನುಮಾನವಿದೆ, ಎದುರಿನವರ ಮಾತನ್ನು ಎಷ್ಟು ಒಪ್ಪುತ್ತೇವೆ ಎಂಬುದನ್ನು ಇಂಗ್ಲಿಷಿನಲ್ಲಿ ತಿಳಿಸಲು ತಡವರಿಸುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ಕನ್ನಡದಲ್ಲಿ ಇದೇ ಕೆಲಸವನ್ನು ಅವರು ದಿನಕ್ಕೆ ನೂರು ಸಲ ಮಾಡುತ್ತಾರೆ.

ಹೇಗೆ ಎಂದು ನೋಡಿ. ‘ಅವನು ಬರುತ್ತಾನೆ’ ಎನ್ನುತ್ತೇವೆ. ಗಟ್ಟಿಯಾಗಿ ಹೇಳಬೇಕಾದರೆ ‘ಬಂದೇ ಬರುತ್ತಾನೆ’. ಅಷ್ಟು ಖಚಿತವಿಲ್ಲದಿದ್ದರೆ ‘ಬರಬಹುದು’. ಇನ್ನೂ ಕಡಿಮೆ ಭರವಸೆ ಇದ್ದರೆ ‘ಬಂದಾನು’. ಏನೂ ತಿಳಿಯದಿದ್ದರೆ ‘ಬರುತ್ತಾನೋ ಇಲ್ಲವೋ’. ನಾವು ನೋಡಿಲ್ಲ, ಯಾರೋ ಹೇಳಿದರು ಅಂತಾದರೆ ‘ಬರುತ್ತಾನಂತೆ’. ಒಂದೇ ಕ್ರಿಯಾಪದ, ಬಾಲ ಮಾತ್ರ ಬೇರೆ ಬೇರೆ. ವ್ಯಾಕರಣದ ಮೇಷ್ಟ್ರು ಇವುಗಳಿಗೆ ಅವಧಾರಣಾರ್ಥಕ, ಸಂಭಾವನಾರ್ಥಕ ಎಂದು ದೊಡ್ಡ ದೊಡ್ಡ ಹೆಸರು ಹೇಳಿಕೊಟ್ಟಿರುತ್ತಾರೆ. ಹೆಸರು ಮರೆತರೂ ಬಳಕೆ ಮರೆಯುವುದಿಲ್ಲ. ನಮ್ಮ ಮನೆಗಳ ದಖ್ಖನಿಯಲ್ಲೂ ಇದೇ ವ್ಯವಸ್ಥೆ ಇದೆ. ಒತ್ತಿ ಹೇಳಲು ‘ಚ್’ ಸೇರಿಸಿ ‘ಅಭೀಚ್’, ‘ಐಸಾಚ್’ ಎನ್ನುತ್ತೇವೆ. ಕೇಳಿದ ಮಾತಾದರೆ ‘ವೋ ಆರಾ ಕತೆ’. ಆ ‘ಕತೆ’ ಎಂಬುದು ಕನ್ನಡದ ‘ಅಂತೆ’ಯ ಅಕ್ಕನೋ ತಂಗಿಯೋ ಆಗಬೇಕು. ಲಖನೌದವರು ಇದನ್ನು ಕೇಳಿ ನಗುತ್ತಾರೆ, ನಗಲಿ ಬಿಡಿ. ಇಷ್ಟು ಚಿಕ್ಕ ಪದದಲ್ಲಿ ಇಷ್ಟು ಪ್ರಾಮಾಣಿಕತೆ ಇಟ್ಟವರು ನಮ್ಮ ಅಜ್ಜಿಯರು.

ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಬಾಲಗಳಿಲ್ಲ. ‘ಮೇ’, ‘ಮಸ್ಟ್’ ಮುಂತಾದ ಸಹಾಯಕ ಕ್ರಿಯಾಪದಗಳು ಸ್ವಲ್ಪ ಕೆಲಸ ಮಾಡುತ್ತವೆ. ಉಳಿದ ಕೆಲಸವನ್ನು ಬಿಡಿಯಾಗಿ ನಿಲ್ಲುವ ಪದಗಳು, ಅಂದರೆ ಕ್ರಿಯಾವಿಶೇಷಣಗಳು ಮಾಡುತ್ತವೆ: ಡೆಫಿನಿಟ್ಲಿ, ಸರ್ಟನ್ಲಿ, ಪ್ರಾಬಬ್ಲಿ, ಪರ್ಹ್ಯಾಪ್ಸ್, ಅಪ್ಯಾರೆಂಟ್ಲಿ. ನಮ್ಮ ಮಕ್ಕಳು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತಿರುಗಿಸುವಾಗ ಕ್ರಿಯಾಪದ ಆ ಕಡೆಗೆ ಹೋಗುತ್ತದೆ, ಬಾಲ ಈ ಕಡೆಯೇ ಉಳಿಯುತ್ತದೆ. ಬಂದೇ ಬರುತ್ತಾನೆ, ಬಂದಾನು, ಬರುತ್ತಾನಂತೆ ಎಲ್ಲವೂ ‘ಹಿ ವಿಲ್ ಕಮ್’ ಆಗಿಬಿಡುತ್ತವೆ.

ಇದರಿಂದ ಏನು ನಷ್ಟ ಎನ್ನುತ್ತೀರಾ? ನನ್ನದೇ ಕಥೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದು. ನಮ್ಮ ಶಾಲೆಯ ಮುಖ್ಯಸ್ಥರು ಹೊರ ರಾಜ್ಯದವರು, ಕನ್ನಡ ಬರುತ್ತಿರಲಿಲ್ಲ, ನಮ್ಮೊಂದಿಗೆ ಇಂಗ್ಲಿಷಿನಲ್ಲೇ ಮಾತು. ಪರೀಕ್ಷೆಯ ಹಾಲ್ ಟಿಕೆಟ್ ಬಂದಿದೆಯೇ ಎಂದು ಕೇಳಿದರು. ನಾನು ಅಟೆಂಡರನ್ನು ಕೇಳಿದೆ. ಅವರು “ಬಂದಿದೆಯಂತೆ ಸಾರ್” ಎಂದರು. ನಾನು ಓಡಿಹೋಗಿ, “ಯೆಸ್ ಸರ್, ದೇ ಹ್ಯಾವ್ ಕಮ್” ಎಂದೆ. ಮರುದಿನವೇ ಮಕ್ಕಳೆಲ್ಲ ಬಂದು ತೆಗೆದುಕೊಂಡು ಹೋಗಬೇಕೆಂದು ಸುತ್ತಲಿನ ಹಳ್ಳಿಗಳಿಗೆ ಸುದ್ದಿ ಹೋಯಿತು. ಮಕ್ಕಳು ಬಂದರು, ಹಾಲ್ ಟಿಕೆಟ್ ಬಂದಿರಲಿಲ್ಲ. ಒಬ್ಬ ಹುಡುಗಿಯ ಜೊತೆ ಅವಳ ತಂದೆ ಬಂದಿದ್ದರು, ಕೂಲಿ ಕೆಲಸದವರು. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಹಣವೂ ಹೋಯಿತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಮುಖ್ಯಸ್ಥರು ಮಾತ್ರ ಎಲ್ಲರೆದುರು, “ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕಿತ್ತು” ಎಂದು ಗದರಿದರು. ಅಟೆಂಡರ್ ಸುಳ್ಳು ಹೇಳಿರಲಿಲ್ಲ, ‘ಅಂತೆ’ ಎಂದು ಸರಿಯಾಗಿಯೇ ಹೇಳಿದ್ದರು. ಆ ‘ಅಂತೆ’ಯನ್ನು ದಾರಿಯಲ್ಲಿ ಬೀಳಿಸಿದ್ದು ಎಂ.ಎ. ಓದಿದ ನಾನು. ‘ಅಪ್ಯಾರೆಂಟ್ಲಿ ದೇ ಹ್ಯಾವ್ ಕಮ್’ ಎಂದಿದ್ದರೆ, ಅವರು ಮತ್ತೊಮ್ಮೆ ವಿಚಾರಿಸಲು ಹೇಳುತ್ತಿದ್ದರು.

ಆದ್ದರಿಂದ ಮೊದಲು ಈ ಪದವನ್ನು ಬರೆದುಕೊಳ್ಳಿ. ಅಪ್ಯಾರೆಂಟ್ಲಿ ಎಂದರೆ ‘ಹಾಗಂತೆ, ಹಾಗೆ ತೋರುತ್ತದೆ’. ಪೇಪರಿನವರು ಇದೇ ಅರ್ಥಕ್ಕೆ ‘ರಿಪೋರ್ಟೆಡ್ಲಿ’ ಬರೆಯುತ್ತಾರೆ. ಆರೋಪ ಮಾತ್ರ ಇದೆ, ಸಾಬೀತಾಗಿಲ್ಲ ಎನ್ನುವ ಕಡೆ ‘ಅಲೆಜೆಡ್ಲಿ’ ಎನ್ನುತ್ತಾರೆ. ಈ ಕೊನೆಯ ಪದ ಪೇಪರಿನಲ್ಲಿ ಇದೆಯೋ ಇಲ್ಲವೋ ಎಂದು ಗಮನಿಸಿ ಓದುವ ಅಭ್ಯಾಸ ಮಾಡಿಕೊಳ್ಳಿ. ಬಂಧಿತನಾದವನಿಗೂ ಅಪರಾಧಿಗೂ ನಡುವೆ ಎಷ್ಟೋ ಸಲ ಇರುವುದು ಆ ಒಂದು ಪದದ ಗೋಡೆ. ಅದು ಬಿದ್ದಾಗ ಏನಾಗುತ್ತದೆ ಎಂದು ನಮ್ಮ ಸಮುದಾಯದವರಿಗೆ ವಿವರಿಸಬೇಕಾಗಿಲ್ಲ.

ಖಚಿತತೆಯ ಪದಗಳಿಗೆ ಬರೋಣ. ಪೂರ್ತಿ ಖಚಿತವಿದ್ದಾಗ ಡೆಫಿನಿಟ್ಲಿ ಅಥವಾ ಸರ್ಟನ್ಲಿ. ಮಾತಿನಲ್ಲಿ ಡೆಫಿನಿಟ್ಲಿ ಹೆಚ್ಚು, ಬರವಣಿಗೆಗೆ ಸರ್ಟನ್ಲಿ ಚೆನ್ನ. ಆದರೆ ನಾವು ಹೆಚ್ಚು ಬಳಸುವುದು ಶ್ಯೂರ್ಲಿ. ‘ಐ ವಿಲ್ ಶ್ಯೂರ್ಲಿ ಕಮ್ ಸರ್’ ಎನ್ನುತ್ತೇವೆ. ನಮ್ಮ ದೇಶದಲ್ಲಿ ಇದು ನಡೆಯುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇಂಗ್ಲೆಂಡಿನವರ ಕಿವಿಗೆ ಶ್ಯೂರ್ಲಿ ಎಂದರೆ ಖಚಿತತೆಯಲ್ಲ, ಖಚಿತತೆಯನ್ನು ಎದುರಿನವರಿಂದ ಬೇಡುವುದು. ‘ಶ್ಯೂರ್ಲಿ ಹಿ ವಿಲ್ ಕಮ್’ ಎಂದರೆ ‘ಬರುತ್ತಾನಲ್ಲವೇ? ಬಾರದೆ ಇರುತ್ತಾನೆಯೇ?’ ಎಂದು ಅರ್ಥ. ಒಳಗೆ ಸ್ವಲ್ಪ ಅಳುಕು ಇದೆ. ಅದೇ ರೀತಿ ‘ನೋ ಡೌಟ್’ ಎಂಬುದು. ಪದ ಪದ ನೋಡಿದರೆ ಸಂಶಯವೇ ಇಲ್ಲ ಎಂದಾಗಬೇಕು. ಆದರೆ ‘ನೋ ಡೌಟ್ ಹಿ ಈಸ್ ಬಿಸಿ’ ಎಂದರೆ ಎಷ್ಟೋ ಸಲ ‘ಬ್ಯುಸಿ ಇರಬೇಕು ಬಿಡಿ’ ಎಂದಷ್ಟೇ ಅರ್ಥ, ಕೆಲವೊಮ್ಮೆ ಸ್ವಲ್ಪ ವ್ಯಂಗ್ಯವೂ ಸೇರಿರುತ್ತದೆ.

ಪದವನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ‘ಹಿ ವಿಲ್ ಡೆಫಿನಿಟ್ಲಿ ಕಮ್’ ಎಂದು ಸಹಾಯಕ ಕ್ರಿಯಾಪದದ ನಂತರ ಬರುತ್ತದೆ. ಇಲ್ಲ ಎನ್ನುವಾಗ ಮುಂದಕ್ಕೆ ಜಿಗಿಯುತ್ತದೆ: ‘ಹಿ ಪ್ರಾಬಬ್ಲಿ ವೋಂಟ್ ಕಮ್’. ರಿಯಲಿ ಎಂಬ ಪದದ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಐ ರಿಯಲಿ ಡೋಂಟ್ ನೋ’ ಎಂದರೆ ನಿಜಕ್ಕೂ ನನಗೆ ಗೊತ್ತಿಲ್ಲ. ‘ಐ ಡೋಂಟ್ ರಿಯಲಿ ನೋ’ ಎಂದರೆ ಅಷ್ಟಾಗಿ ಗೊತ್ತಿಲ್ಲ. ಮೊದಲನೆಯದು ಬಾಗಿಲು ಮುಚ್ಚುತ್ತದೆ, ಎರಡನೆಯದು ಅರ್ಧ ತೆರೆದಿಡುತ್ತದೆ. ಸಂದರ್ಶನದಲ್ಲಿ ಉತ್ತರ ಗೊತ್ತಿಲ್ಲದಾಗ ಮೊದಲನೆಯದನ್ನು ಧೈರ್ಯವಾಗಿ ಹೇಳಿ. ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ ಎಂದು ಮಾತ್ರ ಹೇಳಲಾರೆ. ಆದರೆ ಗೊತ್ತಿಲ್ಲದ್ದನ್ನು ಡೆಫಿನಿಟ್ಲಿ ಎಂದರೆ ಕಳೆಯುವುದು ಖಂಡಿತ.

ಈ ಪದಗಳ ತೂಕದ ಬಗ್ಗೆ ಇಂಗ್ಲಿಷ್ ತಾಯಿಭಾಷೆಯವರಲ್ಲೇ ಒಮ್ಮತವಿಲ್ಲ ಎಂಬುದಕ್ಕೆ ಒಂದು ಘಟನೆ ಇದೆ. 1951ರಲ್ಲಿ ಅಮೆರಿಕದ ಗುಪ್ತಚರ ವಿಭಾಗದವರು ಯುಗೊಸ್ಲಾವಿಯಾದ ಮೇಲೆ ಆ ವರ್ಷ ದಾಳಿ ನಡೆಯಬಹುದೇ ಎಂದು ವರದಿ ಬರೆದರು. ದಾಳಿಯ ‘ಸೀರಿಯಸ್ ಪಾಸಿಬಿಲಿಟಿ’ ಇದೆ ಎಂದು ಹೇಳಿದರು. ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ವರದಿ ಬರೆದವರಲ್ಲಿ ಒಬ್ಬರಾದ ಶೆರ್ಮನ್ ಕೆಂಟ್ ಎಂಬವರನ್ನು ಇದರ ಅರ್ಥವೇನು ಎಂದು ಕೇಳಿದರು. ದಾಳಿ ಆಗುವ ಸಾಧ್ಯತೆ ನೂರಕ್ಕೆ 65 ಎಂದು ಕೆಂಟ್ ಹೇಳಿದರು. ಕೇಳಿದವರು ಬೆಚ್ಚಿಬಿದ್ದರು. ಅವರು ಅದಕ್ಕಿಂತ ತೀರಾ ಕಡಿಮೆ ಎಂದು ತಿಳಿದಿದ್ದರು. ಕೆಂಟ್ ಹಿಂದಿರುಗಿ ತನ್ನ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದರೆ, ಆ ಮಾತಿಗೆ ಒಪ್ಪಿ ಸಹಿ ಹಾಕಿದವರೊಳಗೇ ಒಬ್ಬರಿಗೆ ಅದು ನೂರಕ್ಕೆ 20, ಇನ್ನೊಬ್ಬರಿಗೆ 80. 1964ರಲ್ಲಿ ಅವರು ಇದನ್ನೆಲ್ಲ ಬರೆದು, ಪದಗಳಿಗೆ ಅಂಕಿ ಕಟ್ಟಲು ನೋಡಿದರು. ಹೆಚ್ಚುಕಡಿಮೆ ಖಚಿತ ಎಂದರೆ 93ರ ಆಸುಪಾಸು, ಸಂಭವನೀಯ ಎಂದರೆ 75ರ ಆಸುಪಾಸು, ಹೀಗೆ. ಇಂದು ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಬರೆಯುವ ವರದಿಗಳಲ್ಲೂ ಅಂಥದೇ ಪಟ್ಟಿ ಇದೆ. ಅಲ್ಲಿ ‘ವೆರಿ ಲೈಕ್ಲಿ’ ಎಂದರೆ ನೂರಕ್ಕೆ 90ಕ್ಕಿಂತ ಹೆಚ್ಚು, ‘ವರ್ಚುಯಲಿ ಸರ್ಟನ್’ ಎಂದರೆ 99ಕ್ಕಿಂತ ಹೆಚ್ಚು.

ಅಧಿಕಾರಸ್ಥರು ‘ಅಂತೆ’ ಬೀಳಿಸಿದರೆ ಒಂದು ದಿನದ ಕೂಲಿಯಲ್ಲಿ ಮುಗಿಯುವುದಿಲ್ಲ. 2002ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸರಕಾರ ಇರಾಕಿನ ಶಸ್ತ್ರಾಸ್ತ್ರಗಳ ಬಗ್ಗೆ ಒಂದು ದಾಖಲೆ ಪ್ರಕಟಿಸಿತು. ಅದರ ಮುನ್ನುಡಿಯಲ್ಲಿ ಪ್ರಧಾನಿ ಟೋನಿ ಬ್ಲೇರ್, ಸದ್ದಾಂ ಹುಸೇನ್ ರಾಸಾಯನಿಕ ಮತ್ತು ಜೈವಿಕ ಅಸ್ತ್ರ ತಯಾರಿಸುತ್ತಲೇ ಇದ್ದಾರೆ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಿದ್ಧವಾಗಿದೆ ಎಂಬ ತಮ್ಮ ನಂಬಿಕೆಯನ್ನು ಬರೆದರು. 2003ರ ಮಾರ್ಚ್ 20ರಂದು ಯುದ್ಧ ಶುರುವಾಯಿತು. 2004ರಲ್ಲಿ ಅಮೆರಿಕದವರೇ ನೇಮಿಸಿದ ಶೋಧನಾ ತಂಡ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು ವರದಿ ಕೊಟ್ಟಿತು. ಅದೇ ವರ್ಷ ಜುಲೈಯಲ್ಲಿ ಎರಡು ವಿಚಾರಣಾ ವರದಿಗಳು ಬಂದವು. ಬ್ರಿಟನ್ನಿನ ಬಟ್ಲರ್ ವರದಿ, ಗುಪ್ತಚರರು ಹಾಕಿದ್ದ ಎಚ್ಚರಿಕೆಯ ಮಾತುಗಳು ಪ್ರಕಟಿತ ದಾಖಲೆಯಲ್ಲಿ ಸಾಕಷ್ಟು ಕಾಣಲಿಲ್ಲ, ಓದಿದವರಿಗೆ ಮಾಹಿತಿ ಇದ್ದದ್ದಕ್ಕಿಂತ ಗಟ್ಟಿಯಾಗಿದೆ ಎಂಬ ಭಾವನೆ ಬರುವಂತಿತ್ತು ಎಂದಿತು. ಅಮೆರಿಕದ ಸೆನೆಟ್ ಸಮಿತಿಯೂ, ರಹಸ್ಯ ವರದಿಯಲ್ಲಿದ್ದ ‘ನಮ್ಮ ಅಂದಾಜಿನಲ್ಲಿ’ ಎಂಬಂಥ ಮಾತುಗಳನ್ನು ಸಾರ್ವಜನಿಕರಿಗೆ ಕೊಟ್ಟ ಪ್ರತಿಯಿಂದ ತೆಗೆಯಲಾಗಿತ್ತು ಎಂದು ಗುರುತಿಸಿತು. 2016ರಲ್ಲಿ ಚಿಲ್ಕಾಟ್ ವರದಿ, ಸಮರ್ಥನೆಯಿಲ್ಲದ ಖಚಿತತೆಯಿಂದ ವಿಷಯವನ್ನು ಮಂಡಿಸಲಾಯಿತು ಎಂದು ಇನ್ನೂ ನೇರವಾಗಿ ಹೇಳಿತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಕೇವಲ ವ್ಯಾಕರಣದಿಂದ ಬಗ್ದಾದಿನ ಮೇಲೆ ಬಾಂಬು ಬೀಳಲಿಲ್ಲ. ಆದರೆ ಜನರನ್ನು ಒಪ್ಪಿಸಲು ‘ಬಹುಶಃ’ ಸಾಲುತ್ತಿರಲಿಲ್ಲ, ‘ಖಂಡಿತ’ ಬೇಕಾಗಿತ್ತು. ಆದ್ದರಿಂದ ‘ಬಹುಶಃ’ವನ್ನು ಅಳಿಸಿದರು.

ಇಂಥ ಪದಗಳ ಬಗ್ಗೆ ನಮ್ಮ ಪೂರ್ವಿಕ ವಿದ್ವಾಂಸರು ಎಷ್ಟು ಕಟ್ಟುನಿಟ್ಟಾಗಿದ್ದರು ಎಂಬುದನ್ನು ಇಲ್ಲಿ ನೆನಪಿಸಬೇಕು. ಪ್ರವಾದಿಯವರ (ಸ) ಹೆಸರಿನಲ್ಲಿ ಬಂದ ಹದೀಸಿನ ಸನದು ದೃಢವಾಗಿದ್ದರೆ ‘ಪ್ರವಾದಿಯವರು ಹೇಳಿದರು’ ಎಂದು ಬರೆಯಬಹುದು. ದುರ್ಬಲವಾಗಿದ್ದರೆ ಹಾಗೆ ಬರೆಯಕೂಡದು, ‘ವರದಿಯಾಗಿದೆ’ ಎನ್ನಬೇಕು. ಅರಬ್ಬಿಯಲ್ಲಿ ಮೊದಲನೆಯದಕ್ಕೆ ‘ಖಾಲ’, ಎರಡನೆಯದಕ್ಕೆ ‘ರುವಿಯ’. ಹದಿಮೂರನೇ ಶತಮಾನದ ಇಮಾಮ್ ನವವಿ ತಮ್ಮ ‘ಅಲ್ ಮಜ್ಮೂಅ್’ ಗ್ರಂಥದ ಪೀಠಿಕೆಯಲ್ಲಿ, ತಮ್ಮ ಕಾಲದ ಲೇಖಕರು ಈ ವ್ಯತ್ಯಾಸವನ್ನು ಪಾಲಿಸದಿರುವುದನ್ನು ಕಟುವಾಗಿ ಟೀಕಿಸಿದ್ದಾರೆ. ಸೂರಃ ಅಲ್ ಹುಜುರಾತಿನ ಆರನೇ ವಚನ, ನಂಬಲರ್ಹನಲ್ಲದವನು ಸುದ್ದಿ ತಂದರೆ ವಿಚಾರಿಸಿ ನೋಡಬೇಕು ಎನ್ನುತ್ತದೆ. ಇಲ್ಲದಿದ್ದರೆ ತಿಳಿಯದೆ ಒಂದು ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ನಾವೋ ಮೊಬೈಲಿನಲ್ಲಿ ಬಂದದ್ದನ್ನು ಬಂದ ಹಾಗೇ ತಳ್ಳಿ, ಕೆಳಗೆ ‘ಫಾರ್ವರ್ಡೆಡ್ ಆ್ಯಸ್ ರಿಸೀವ್ಡ್’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಅದೂ ಒಂದು ಬಗೆಯ ‘ಅಂತೆ’ಯೇ, ಆದರೆ ಸೋಮಾರಿಯ ಅಂತೆ.

ಅಪನಂಬಿಕೆಯ ಪದಗಳಿಗೆ ಹೆಚ್ಚು ಹೊತ್ತು ಬೇಕಿಲ್ಲ. ಕನ್ನಡದ ‘ಹೌದಾ?’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ರಿಯಲಿ?’. ನಾವು ಎಲ್ಲದಕ್ಕೂ ‘ಈಸ್ ಇಟ್?’ ಎನ್ನುತ್ತೇವೆ. ‘ಮೈ ಫಾದರ್ ಹ್ಯಾಸ್ ಕಮ್’ ಎಂದರೂ ‘ಈಸ್ ಇಟ್?’. ಅಲ್ಲಿ ‘ಹ್ಯಾಸ್ ಹಿ?’ ಎನ್ನಬೇಕು, ಅದು ಕಷ್ಟವಾದರೆ ‘ರಿಯಲಿ?’ ಎಲ್ಲ ಕಡೆಗೂ ಹೊಂದುತ್ತದೆ. ಧ್ವನಿ ಮಾತ್ರ ಮೇಲಕ್ಕೆ ಹೋಗಲಿ. ಕೆಳಗೆ ಇಳಿದರೆ ‘ಸರಿ ಸರಿ, ಸಾಕು’ ಎಂಬಂತೆ ಕೇಳಿಸುತ್ತದೆ. ‘ಸೀರಿಯಸ್ಲಿ?’ ಎಂಬುದು ಗೆಳೆಯರ ನಡುವೆ ಸರಿ, ಪ್ರಿನ್ಸಿಪಾಲರ ಮುಂದೆ ಬೇಡ. ‘ಹಾಗಿರಲಾರದು’ ಎಂದು ವಿನಯದಿಂದ ಹೇಳಲು ‘ಶ್ಯೂರ್ಲಿ ನಾಟ್’ ಇದೆ. ಮೇಲೆ ನಾನು ದೂರಿದ ಶ್ಯೂರ್ಲಿಗೆ ಸರಿಯಾದ ಮನೆ ಇದೇ.

ಹಾರ್ಡ್ಲಿ ಎಂಬ ಪದದ ಬಗ್ಗೆ ಮಾತ್ರ ನಿಂತು ಹೇಳಬೇಕು. ಒಮ್ಮೆ ಒಂದು ಸಂದರ್ಶನ ಸಮಿತಿಯಲ್ಲಿ ನಾನೂ ಕುಳಿತಿದ್ದೆ. ಒಳ್ಳೆಯ ಹುಡುಗ, ಚೆನ್ನಾಗಿ ಓದಿದವನು. ಹಿಂದಿನ ಕೆಲಸದ ಬಗ್ಗೆ ಕೇಳಿದಾಗ ಎದೆಯುಬ್ಬಿಸಿ, “ಐ ವರ್ಕ್‌ಡ್ ಹಾರ್ಡ್ಲಿ ಫಾರ್ ತ್ರೀ ಇಯರ್ಸ್ ಸರ್” ಎಂದ. ಕಷ್ಟಪಟ್ಟು ದುಡಿದೆ ಎನ್ನುವುದು ಅವನ ಉದ್ದೇಶ. ಸ್ಲೋ ಸ್ಲೋಲಿ ಆಗುವುದಾದರೆ ಹಾರ್ಡ್ ಹಾರ್ಡ್ಲಿ ಆಗಬೇಕಲ್ಲ, ನ್ಯಾಯವಾಗಿಯೇ ಯೋಚಿಸಿದ್ದಾನೆ. ಆದರೆ ಹಾರ್ಡ್ಲಿ ಎಂದರೆ ‘ಇಲ್ಲವೆನ್ನುವಷ್ಟು ಕಡಿಮೆ’. ಮೂರು ವರ್ಷ ಕೆಲಸವನ್ನೇ ಮಾಡಲಿಲ್ಲ ಎಂದು ಹೇಳಿದಂತಾಯಿತು. ಸಮಿತಿಯ ಒಬ್ಬರು ನಕ್ಕರು. ಹುಡುಗನಿಗೆ ಏಕೆಂದು ತಿಳಿಯಲಿಲ್ಲ, ಅಲ್ಲಿಂದ ಮುಂದೆ ಅವನ ಬಾಯಿ ಕಟ್ಟಿಹೋಯಿತು. ಭಾಷೆ ತಪ್ಪಿದವನನ್ನು ಕಂಡು ನಗುವ ಸುಶಿಕ್ಷಿತರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ‘ವರ್ಕ್‌ಡ್ ಹಾರ್ಡ್’ ಎಂದಷ್ಟೇ ಸಾಕು. ಹಾರ್ಡ್ಲಿಯನ್ನು ಅಪನಂಬಿಕೆಗೆ ಇಟ್ಟುಕೊಳ್ಳಿ. ಯಾರಾದರೂ ನಿಮ್ಮನ್ನು ಅತಿಯಾಗಿ ಹೊಗಳಿದರೆ ‘ಹಾರ್ಡ್ಲಿ!’ ಎಂದರೆ ‘ಅಯ್ಯೋ, ಎಲ್ಲಿಯ ಮಾತು’ ಎಂದಂತೆ.

ಇನ್ನು ಒಪ್ಪಿಗೆ. ಎದುರಿನವರ ಮಾತು ಕರಾರುವಾಕ್ಕಾಗಿದ್ದರೆ ಎಕ್ಸಾಕ್ಟ್ಲಿ. ಪೂರ್ತಿ ಒಪ್ಪಿದರೆ ಅಬ್ಸಲ್ಯೂಟ್ಲಿ. ಅರ್ಧ ಒಪ್ಪಿದರೆ ‘ನಾಟ್ ಎಂಟಾಯರ್ಲಿ’, ‘ನಾಟ್ ನೆಸೆಸರಿಲಿ’. ಈ ಎರಡನ್ನು ಕಲಿತರೆ ಹಿರಿಯರ ಮಾತನ್ನು ಮುಖ ಮುರಿಯದೆ ಒಪ್ಪದೆ ಇರಬಹುದು. ‘ಆಫ್ ಕೋರ್ಸ್’ ಬಗ್ಗೆ ಎಚ್ಚರ. ‘ಒಳಗೆ ಬರಬಹುದೇ’ ಎಂದಾಗ ‘ಆಫ್ ಕೋರ್ಸ್’ ಎಂದರೆ ಆದರದ ಮಾತು. ‘ಮ್ಯಾನೇಜರ್ ಇದ್ದಾರಾ’ ಎಂದಾಗ ‘ಆಫ್ ಕೋರ್ಸ್’ ಎಂದರೆ ‘ಇದೂ ಒಂದು ಪ್ರಶ್ನೆಯೇ’ ಎಂದಂತೆ. ಆಬ್ವಿಯಸ್ಲಿ ಎಂಬುದು ಇನ್ನೂ ಒರಟು. ಆಕ್ಚುಯಲಿ, ಬೇಸಿಕಲಿ ಎಂಬೆರಡು ಈಗ ಕನ್ನಡ ಪದಗಳೇ ಆಗಿವೆ, ಅವನ್ನು ಇಂಗ್ಲಿಷಿಗೆ ವಾಪಸು ಕೊಡುವ ಅಗತ್ಯವಿಲ್ಲ.

ಒಪ್ಪಿಗೆಯ ದೊಡ್ಡ ಗುಂಡಿ ಇರುವುದು ‘ಅಲ್ಲವೇ, ಇಲ್ಲವೇ’ ಎಂದು ಕೇಳುವ ಪ್ರಶ್ನೆಗಳಲ್ಲಿ. ‘ನೀನು ನಿನ್ನೆ ಬರಲಿಲ್ಲವೇ?’ ಎಂದು ಕೇಳಿದರೆ, ಬಾರದವನು ಕನ್ನಡದಲ್ಲಿ ‘ಹೌದು, ಬರಲಿಲ್ಲ’ ಎನ್ನುತ್ತಾನೆ. ನೀವು ಹೇಳಿದ್ದು ಹೌದು ಎಂಬ ಅರ್ಥ. ಇಂಗ್ಲಿಷಿನಲ್ಲಿ ‘ನೋ, ಐ ಡಿಡಂಟ್’ ಎನ್ನಬೇಕು. ಅಲ್ಲಿ ಯೆಸ್, ನೋ ಎಂಬುವು ಕೇಳಿದವರ ಮಾತಿಗಲ್ಲ, ನಡೆದ ಸಂಗತಿಗೆ ಅಂಟಿಕೊಳ್ಳುತ್ತವೆ. ವೀಸಾ ಕೌಂಟರಿನಲ್ಲಿ ಅಧಿಕಾರಿ, ‘ನಿಮಗೆ ಹಿಂದೆ ಎಂದೂ ವೀಸಾ ನಿರಾಕರಣೆ ಆಗಿಲ್ಲ, ಅಲ್ಲವೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ನೀವು ನಮ್ಮ ಅಭ್ಯಾಸದಂತೆ ‘ಯೆಸ್’ ಎಂದರೆ, ನಿರಾಕರಣೆ ಆಗಿದೆ ಎಂದು ಅವನು ಬರೆದುಕೊಳ್ಳಬಹುದು. ‘ನೋ, ನೆವರ್’ ಎನ್ನಿ. ‘ಡು ಯು ಮೈಂಡ್’ ಎಂದು ಕೇಳಿದಾಗಲೂ ಹಾಗೆಯೇ. ಕಿಟಕಿ ತೆರೆದರೆ ನಿಮಗೆ ತೊಂದರೆಯೇ ಎಂಬುದು ಪ್ರಶ್ನೆ, ‘ಯೆಸ್’ ಎಂದರೆ ತೊಂದರೆ ಎಂದಾಯಿತು. ‘ನಾಟ್ ಅಟ್ ಆಲ್’ ಎನ್ನಬೇಕು.

ಇದು ಕಷ್ಟವೆನಿಸಿದರೆ ಮದ್ರಸದಲ್ಲಿ ಕಲಿತದ್ದನ್ನು ನೆನೆಸಿಕೊಳ್ಳಿ. ಅರಬ್ಬಿಯಲ್ಲಿ ಒಪ್ಪಿಗೆಗೆ ‘ನಅಮ್’ ಮತ್ತು ‘ಬಲಾ’ ಎಂಬ ಎರಡು ಪದಗಳಿವೆ. ನಅಮ್ ಎಂಬುದು ಕೇಳಿದವರ ಮಾತನ್ನು ಇದ್ದ ಹಾಗೆಯೇ ಒಪ್ಪುತ್ತದೆ, ನಮ್ಮ ‘ಹೌದು’ವಿನ ಹಾಗೆ. ಬಲಾ ಎಂಬುದು ಪ್ರಶ್ನೆಯೊಳಗಿನ ‘ಅಲ್ಲ’ವನ್ನು ಮುರಿದು ಹಾಕುತ್ತದೆ. ಸೂರಃ ಅಲ್ ಅಅ್‌ರಾಫಿನ 172ನೇ ವಚನದಲ್ಲಿ ಅಲ್ಲಾಹನು ಆದಮರ ಸಂತತಿಯನ್ನು, ತಾನು ಅವರ ಪ್ರಭುವಲ್ಲವೇ ಎಂದು ಕೇಳಿದ ಪ್ರಸಂಗವಿದೆ. ಅವರು ಕೊಟ್ಟ ಉತ್ತರ ‘ಬಲಾ’ ಎಂದು. ಅಲ್ಲಿ ‘ನಅಮ್’ ಎಂದಿದ್ದರೆ ‘ಹೌದು, ಅಲ್ಲ’ ಎಂದಾಗಿ ಸತ್ಯನಿಷೇಧವೇ ಆಗುತ್ತಿತ್ತು ಎಂದು ಇಬ್ನು ಅಬ್ಬಾಸ್ (ರ) ಹೇಳಿದ್ದಾರಂತೆ, ವ್ಯಾಕರಣಕಾರರು ಇದನ್ನು ಉದ್ಧರಿಸುತ್ತಾರೆ. ನೋಡಿದಿರಾ, ನಾನೂ ಈಗ ‘ಅಂತೆ’ ಹಾಕಿದೆ. ಇಂಥ ಪ್ರಶ್ನೆಗೆ ಇಂಗ್ಲಿಷಿನ ‘ಯೆಸ್’ ನಮ್ಮ ‘ಹೌದು’ ಅಲ್ಲ, ಅದು ‘ಬಲಾ’. ಇಷ್ಟು ಹೇಳಿದರೆ ಉಸ್ತಾದರ ಬಳಿ ಕಲಿತ ಹುಡುಗನಿಗೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಮದ್ರಸದ ಓದು ಇಂಗ್ಲಿಷಿಗೆ ಅಡ್ಡಿ ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಇನ್ನೊಂದು ಅಭ್ಯಾಸವಿದೆ. ಫೋನಿನಲ್ಲಿ ಮಾತಾಡುವಾಗ ನಾವು ‘ಹೂಂ, ಹೂಂ’ ಎನ್ನುತ್ತಿರುತ್ತೇವೆ. ಕೇಳುತ್ತಿದ್ದೇನೆ, ಮುಂದುವರಿಸಿ ಎಂದಷ್ಟೇ ಅದರ ಅರ್ಥ. ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ‘ಯೆಸ್, ಯೆಸ್’ ಹಾಕಿದರೆ ಆ ಕಡೆಯವರು ಒಪ್ಪಿದರು ಎಂದು ತಿಳಿಯುತ್ತಾರೆ. ಸಂಬಳ, ಬಾಂಡು, ಕೆಲಸದ ಅವಧಿ ಇಂಥ ಮಾತು ನಡೆಯುವಾಗ ‘ಐ ಸೀ’ ಎನ್ನಿ. ಒಪ್ಪುವುದನ್ನು ಯೋಚಿಸಿ ಆಮೇಲೆ ಒಪ್ಪಿ.

ಕೊನೆಗೆ ನೀವೆಲ್ಲ ಕಾಯುತ್ತಿರುವ ಪದ: ಇನ್ಶಾ ಅಲ್ಲಾಹ್. ನಾಳೆ ಇದನ್ನು ಮಾಡುತ್ತೇನೆ ಎನ್ನುವಾಗ ಅಲ್ಲಾಹನು ಇಚ್ಛಿಸಿದರೆ ಎಂದು ಸೇರಿಸಬೇಕೆಂದು ಸೂರಃ ಅಲ್ ಕಹ್ಫಿನ 23 ಮತ್ತು 24ನೇ ವಚನಗಳು ಕಲಿಸುತ್ತವೆ. ಸ್ಪೇನಿನ ಜನ ಇಂದಿಗೂ ಹಾರೈಕೆಗೆ ಬಳಸುವ ‘ಓಹಲಾ’ ಎಂಬ ಪದವೂ ಅಲ್ಲಾಹನು ಇಚ್ಛಿಸಿದರೆ ಎಂಬಂಥದೇ ಅರಬ್ಬಿ ಮಾತಿನಿಂದ ಹುಟ್ಟಿದ್ದು. ಇದರ ಜಾಗದಲ್ಲಿ ಇಂಗ್ಲಿಷಿನವರು ‘ಹೋಪ್‌ಫುಲಿ’ ಎನ್ನುತ್ತಾರೆ. ಆ ಪದವನ್ನು ಹಾಗೆ ಬಳಸಬಾರದೆಂದು ಅವರ ಪಂಡಿತರು ಬಹಳ ಕಾಲ ಜಗಳವಾಡಿದರು, ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2012ರಲ್ಲಿ ಅದನ್ನು ಒಪ್ಪಿಕೊಂಡಿತು.

ನಮ್ಮಲ್ಲಿ ಇನ್ಶಾ ಅಲ್ಲಾಹ್‌ಗೆ ಎರಡು ಅರ್ಥ ಬೆಳೆದುಬಿಟ್ಟಿದೆ. ಒಂದು, ಮಾಡಿಯೇ ಮಾಡುತ್ತೇನೆ, ಆದರೆ ಫಲ ನನ್ನ ಕೈಯಲ್ಲಿಲ್ಲ. ಇನ್ನೊಂದು, ಮಾಡುವುದಿಲ್ಲ, ಆದರೆ ಇಲ್ಲ ಎನ್ನಲು ಸಂಕೋಚ. ದರ್ಜಿಯ ಹತ್ತಿರ ಹೋಗಿ ಈದ್‌ಗೆ ಬಟ್ಟೆ ಸಿಗುತ್ತದೆಯೇ ಎಂದು ಕೇಳಿ, ಇನ್ಶಾ ಅಲ್ಲಾಹ್ ಎಂದರೆ ನಿಮ್ಮ ಎದೆ ಡವಗುಟ್ಟುತ್ತದೆ. ದೇವರ ಹೆಸರನ್ನು ನಮ್ಮ ಸಂಕೋಚಕ್ಕೆ ಪರದೆ ಮಾಡಿದ್ದೇವೆ. ಹೊಸ ಕೆಲಸಕ್ಕೆ ಒಂದನೇ ತಾರೀಕು ಸೇರುತ್ತೀರಾ ಎಂದು ಕೇಳಿದಾಗ, ಬರುವವರಾದರೆ ‘ಡೆಫಿನಿಟ್ಲಿ, ಇನ್ಶಾ ಅಲ್ಲಾಹ್’ ಎನ್ನಿ, ಆ ಕ್ರಮದಲ್ಲಿ. ಖಚಿತವಿಲ್ಲದಿದ್ದರೆ ‘ಪ್ರಾಬಬ್ಲಿ, ಶುಕ್ರವಾರದೊಳಗೆ ತಿಳಿಸುತ್ತೇನೆ’ ಎನ್ನಿ. ಬರುವುದಿಲ್ಲವಾದರೆ ‘ಅನ್‌ಫಾರ್ಚುನೇಟ್ಲಿ’ ಎಂಬ ಒಳ್ಳೆಯ ಪದ ಇದೆ.

ಮುಂದಿನ ವರ್ಷವೂ ಬರುತ್ತೀರಾ ಎಂದು ಕಾರ್ಯದರ್ಶಿಗಳು ಈಗ ವೇದಿಕೆಯ ಮೇಲೆಯೇ ಕೇಳಿದರು. ಮಂಡಿ ನೋವು ಹೆಚ್ಚಾಗಿದೆ, ಪ್ರಯಾಣ ಕಷ್ಟ. ಆದ್ದರಿಂದ ‘ಪ್ರಾಬಬ್ಲಿ, ಇನ್ಶಾ ಅಲ್ಲಾಹ್’ ಎಂದಿದ್ದೇನೆ. ಊಟದ ಮೊದಲು ಎರಡು ಮೂರು ಪ್ರಶ್ನೆಗಳಿಗೆ ಸಮಯವಿದೆ, ಕೇಳಿ. ಹಿಂದಿನ ಸಾಲಿನವರೂ ಕೇಳಬಹುದು.